ಪರ-ವಿರೋಧ: ಮೂಲೆ ಸೇರಿದ ಹಾಡನ್ನು ಹೊರಗೆ ತರಬೇಕಾ?

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ದೊಡ್ಡ ಹಾಡುಗಾರ ಮಾರ್ವಿನ್ ಗೇ 1972ರಲ್ಲಿ ಒಂದು ಆಲ್ಬಮ್‌ಗೆ ಅಂತ ಹಾಡುತ್ತಾ ಹೋದರು. ಆ ಆಲ್ಬಮ್ ಬರಲಿಲ್ಲ. 1984ರಲ್ಲಿ ಅವರೇ ಹೋಗಿಬಿಟ್ಟರು. 2019ರ ಮಾರ್ಚ್ 29ರಂದು ಅವರ ಹಳೆಯ ಕಂಪನಿ ಮೋಟೌನ್ 'ಯು ಆರ್ ದ ಮ್ಯಾನ್' ಅನ್ನುವ ಹೆಸರಿನಲ್ಲಿ 17 ಹಾಡುಗಳ ಆಲ್ಬಮ್ ತಂದಿತು. ಬದುಕಿದ್ದಿದ್ದರೆ ಇನ್ನು ನಾಲ್ಕು ದಿನಕ್ಕೆ ಅವರಿಗೆ 80 ತುಂಬುತ್ತಿತ್ತು. ಹೀಗೆ ದಶಕಗಳ ಕಾಲ ಕಪಾಟಿನಲ್ಲಿದ್ದ ಟೇಪುಗಳನ್ನು ಹೊರಗೆ ತರುವುದು ಸರಿಯಾ? ಒಂದೇ ಆಲ್ಬಮ್ ಕೇಳಿ ಬೇರೆ ಬೇರೆ ದಾರಿ ಹಿಡಿದ ಇಬ್ಬರು ಗೆಳೆಯರು ಇಲ್ಲಿ ಬರೆದಿದ್ದಾರೆ.

ಪರ: ಮೂಲೆಗೆ ಹಾಕಿದ್ದು ಯಾರು ಅಂತ ಮೊದಲು ಕೇಳಿ

ಬೆಟ್ಟಿ ಲವೆಟ್ ಹೆಸರು ಮಾರ್ವಿನ್ ಗೇ ಹೆಸರಿನಷ್ಟು ಜನರಿಗೆ ಗೊತ್ತಿಲ್ಲ. ಅದಕ್ಕೇ ಅವರಿಂದಲೇ ಶುರು ಮಾಡುತ್ತೇನೆ.

ಡೆಟ್ರಾಯಿಟ್‌ನಲ್ಲಿ ಬೆಳೆದ ಹುಡುಗಿ. 1962ರಲ್ಲಿ ಮೊದಲ ಸಿಂಗಲ್, ಅಂದರೆ ಒಂದು ಹಾಡಿಗಾಗಿ ತರುವ ಸಣ್ಣ ರೆಕಾರ್ಡ್, ಬಂದಾಗ ವಯಸ್ಸು 16. ಆ ಹಾಡು ಅಮೆರಿಕದ ಆರ್ ಅಂಡ್ ಬಿ ಪಟ್ಟಿಯಲ್ಲಿ, ಅಂದರೆ ಕಪ್ಪು ಕೇಳುಗರ ನಡುವೆ ಓಡುವ ಹಾಡುಗಳ ಪಟ್ಟಿಯಲ್ಲಿ, 7ನೇ ಸ್ಥಾನದವರೆಗೆ ಹೋಯಿತು. ಆಮೇಲೆ ಹತ್ತು ವರ್ಷ ಒಂದು ಕಂಪನಿಯಿಂದ ಇನ್ನೊಂದಕ್ಕೆ ಅಲೆದಾಟ. ಸಿಂಗಲ್‌ಗಳು ಬಂದವು, ಹೋದವು. ತನ್ನದು ಅಂತ ಒಂದು ಪೂರ್ತಿ ಆಲ್ಬಮ್ ಮಾತ್ರ ಕೈಗೆ ಹತ್ತಲಿಲ್ಲ. ಕೊನೆಗೆ 1972ರಲ್ಲಿ ಅಟ್ಲಾಂಟಿಕ್ ಕಂಪನಿ ಅವರನ್ನು ಅಲಬಾಮಾದ ಮಸಲ್ ಶೋಲ್ಸ್‌ಗೆ ಕಳಿಸಿತು. ಅಲ್ಲಿನ ವಾದ್ಯಗಾರರ ತಂಡ ಅಂದರೆ ಆಗ ಎಲ್ಲರೂ ಬೇಕು ಬೇಕು ಅನ್ನುತ್ತಿದ್ದ ತಂಡ. ಬಾಸ್ ಗಿಟಾರ್ ಹಿಡಿದಿದ್ದವರು ಡೇವಿಡ್ ಹುಡ್. ಆಲ್ಬಮ್ ಮುಗಿಯಿತು. ಬೆಟ್ಟಿ ಮನೆಗೆ ಬಂದು ಕಾಯುತ್ತಾ ಕೂತರು.

ಬಂದದ್ದು ಆಲ್ಬಮ್ ಬಿಡುವುದಿಲ್ಲ ಅನ್ನುವ ಸುದ್ದಿ.

ಊಟದ ಮೇಜಿನ ಕೆಳಗೆ ತೂರಿಕೊಂಡು ಅಲ್ಲೇ ಕೂತುಬಿಟ್ಟೆ ಅಂತ ಅವರೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಇಪ್ಪತ್ತಾರು ವರ್ಷದ ಹೆಣ್ಣುಮಗಳು, ಹತ್ತು ವರ್ಷದ ದುಡಿಮೆ ಬೆನ್ನ ಮೇಲಿದೆ, ಮೇಜಿನ ಕೆಳಗೆ ನೆಲದ ಮೇಲೆ ಕೂತಿದ್ದಾರೆ. ಈ ಪ್ರಶ್ನೆ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಮೇಜು.

1978ರಲ್ಲಿ ನ್ಯೂಜೆರ್ಸಿಯಲ್ಲಿ ಅಟ್ಲಾಂಟಿಕ್‌ನ ಉಗ್ರಾಣಕ್ಕೆ ಬೆಂಕಿ ಬಿತ್ತು. ಸಾವಿರಾರು ಟೇಪುಗಳು ಹೋದವು. ಬೆಟ್ಟಿಯ ಟೇಪುಗಳೂ ಅದರಲ್ಲೇ ಹೋಗಿವೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಫ್ರಾನ್ಸಿನ ಸಂಗ್ರಾಹಕ ಜಿಲ್ ಪೆಟಾರ್ ಹುಡುಕುವುದನ್ನು ಬಿಡಲಿಲ್ಲ. ಟೇಪು ಸಿಕ್ಕಿತು. 2000ದಲ್ಲಿ ಆ ಹಾಡುಗಳು ಫ್ರಾನ್ಸಿನಲ್ಲಿ 'ಸೂವನೀರ್ಸ್' ಅನ್ನುವ ಹೆಸರಿನಲ್ಲಿ ಹೊರಬಂದವು. ಹಾಡಿ 28 ವರ್ಷ ಆದಮೇಲೆ! ಆಗ ಬೆಟ್ಟಿಗೆ 54.

ಮುಂದಿನದು ಕೇಳಿ. ಜನ ಆ ಆಲ್ಬಮ್ ಕೇಳಿ, ಇಷ್ಟು ದಿನ ಈಕೆ ಎಲ್ಲಿದ್ದರು ಅಂತ ಕೇಳತೊಡಗಿದರು. ಮತ್ತೆ ರೆಕಾರ್ಡಿಂಗ್‌ಗೆ ಕರೆದರು. 2007ರ ಆಲ್ಬಮ್‌ಗೆ ಅವರು ಮತ್ತೆ ಮಸಲ್ ಶೋಲ್ಸ್‌ಗೇ ಹೋದರು. ಈ ಸಲ ಜೊತೆಗಿದ್ದ ತಂಡದಲ್ಲಿ ಪ್ಯಾಟರ್ಸನ್ ಹುಡ್ ಇದ್ದರು. 1972ರಲ್ಲಿ ಬಾಸ್ ನುಡಿಸಿದ ಡೇವಿಡ್ ಹುಡ್ ಅವರ ಮಗ. ಆ ಆಲ್ಬಮ್‌ಗೆ ಬೆಟ್ಟಿ ಕೊಟ್ಟ ಹೆಸರಿನ ಅರ್ಥ 'ಅಪರಾಧ ನಡೆದ ಜಾಗ'. 2009ರ ಜನವರಿಯಲ್ಲಿ ಬರಾಕ್ ಒಬಾಮಾ ಅಧಿಕಾರ ವಹಿಸಿಕೊಳ್ಳುವ ಮುನ್ನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಡೆದ ಕಛೇರಿಯಲ್ಲಿ ಹಾಡಿದರು. ಅಟ್ಲಾಂಟಿಕ್‌ನ ಆ ಪೆಟ್ಟಿಗೆ ಮುಚ್ಚಿಯೇ ಇದ್ದಿದ್ದರೆ ಈ ದಿನ ಅವರಿಗೆ ಬರುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ.

ಹಾಗಾಗಿ ನನ್ನ ಮೊದಲ ಮಾತು ಇಷ್ಟೇ. ಹಾಡು ಮೂಲೆ ಸೇರಿದೆ ಅಂದಾಕ್ಷಣ 'ಹಾಡಿದವರಿಗೆ ಬೇಡವಾಗಿತ್ತು' ಅಂತ ತೀರ್ಮಾನ ಮಾಡಬೇಡಿ. ಬಹಳ ಸಲ ಅದನ್ನು ಮೂಲೆಗೆ ಹಾಕಿದ್ದು ಹಾಡಿದವರಲ್ಲ. ದುಡ್ಡು ಹಾಕಿದವರು.

ಮೋಟೌನ್‌ನಲ್ಲಿ ಇದಕ್ಕೆ ಅಂತಲೇ ಒಂದು ಮೀಟಿಂಗ್ ಇತ್ತು. ಪ್ರತಿ ಶುಕ್ರವಾರ ಬೆಳಗ್ಗೆ ಸೇರುತ್ತಿದ್ದರು. ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವ ಹಾಗೆ ಹೊಸ ಹಾಡುಗಳನ್ನು ಹಾಕಿ ಕೇಳುವುದು, ಮತ ಹಾಕುವುದು. ಕಂಪನಿ ಕಟ್ಟಿದ ಬೆರ್ರಿ ಗಾರ್ಡಿ ಮೊದಲು ಫೋರ್ಡ್ ಕಾರಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅಲ್ಲಿ ಕಲಿತದ್ದನ್ನು ಇಲ್ಲಿಗೆ ತಂದಿದ್ದರು. 'ನಿಮ್ಮ ಕೈಯಲ್ಲಿ ಒಂದೇ ಡಾಲರ್ ಇದೆ, ಹೊಟ್ಟೆಯೂ ಹಸಿದಿದೆ. ಈ ರೆಕಾರ್ಡ್ ತಗೊಳ್ತೀರಾ, ಸ್ಯಾಂಡ್‌ವಿಚ್ ತಗೊಳ್ತೀರಾ?' ಅಂತ ಕೇಳುತ್ತಿದ್ದರಂತೆ. ಒಳ್ಳೆಯ ಪ್ರಶ್ನೆಯೇ. ಆದರೆ ಅದಕ್ಕೆ ಬಂದ ಉತ್ತರ ಪ್ರತಿಸಲ ಸರಿ ಇರಲಿಲ್ಲ.

1967ರಲ್ಲಿ ಮಾರ್ವಿನ್ 'ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್' ಹಾಡಿದರು. ಕಂಪನಿ ಬೇಡ ಅಂತು. ಅದೇ ಹಾಡನ್ನು ಗ್ಲ್ಯಾಡಿಸ್ ನೈಟ್ ಮತ್ತು ಅವರ ತಂಡ ಹಾಡಿ ಗೆದ್ದರು. ಮಾರ್ವಿನ್ ಹಾಡಿದ್ದು 1968ರಲ್ಲಿ ಒಂದು ಆಲ್ಬಮ್‌ನಲ್ಲಿ ಜಾಗ ತುಂಬುವ ಹಾಡಾಗಿ ಸೇರಿಕೊಂಡಿತು. ರೇಡಿಯೋದವರು ಅದನ್ನು ಹುಡುಕಿ ಹುಡುಕಿ ಹಾಕತೊಡಗಿದಾಗ ಬೇರೆ ದಾರಿಯಿಲ್ಲದೆ ಸಿಂಗಲ್ ಮಾಡಿದರು. ಏಳು ವಾರ ಮೊದಲ ಸ್ಥಾನದಲ್ಲಿ ಕೂತಿತು. 'ವಾಟ್ಸ್ ಗೋಯಿಂಗ್ ಆನ್' ಕಥೆಯೂ ಹೆಚ್ಚುಕಡಿಮೆ ಇದೇ. ಗಾರ್ಡಿಗೆ ಆ ಹಾಡು ಹಿಡಿಸಲಿಲ್ಲ. ಅದು ಬರುವವರೆಗೆ ಬೇರೆ ಏನನ್ನೂ ಹಾಡುವುದಿಲ್ಲ ಅಂತ ಮಾರ್ವಿನ್ ಪಟ್ಟು ಹಿಡಿದರು. 1971ರ ಜನವರಿಯಲ್ಲಿ ಬಂತು, ಗೆದ್ದಿತು. ಆ ಪಟ್ಟು ಸ್ವಲ್ಪ ಸಡಿಲವಾಗಿದ್ದರೆ ಅದೂ ಇವತ್ತು ಯಾವುದೋ ಕಪಾಟಿನಲ್ಲಿ ಇರುತ್ತಿತ್ತು. ಆಗಲೂ 'ಅದನ್ನು ಮುಟ್ಟಬೇಡಿ, ಪಾಪ' ಅಂತ ಹೇಳುತ್ತಿದ್ದೆವಾ?

ಈಗ 1972ಕ್ಕೆ ಬರೋಣ. ಅದು ಚುನಾವಣೆಯ ವರ್ಷ. ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿಲ್ಲ. 'ಯು ಆರ್ ದ ಮ್ಯಾನ್' ಹಾಡಿನಲ್ಲಿ ಮಾರ್ವಿನ್ ಮತ ಕೇಳಲು ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆ ಹಾಕುತ್ತಾರೆ. ನಿನ್ನ ಹತ್ತಿರ ಯೋಜನೆ ಅಂತ ಒಂದಿದೆಯಾ? ಸುಮ್ನೆ ಮಾತಾಡ್ತೀಯಾ? ಸಿಂಗಲ್ ಆಗಿ ಬಂದಾಗ ಕಪ್ಪು ಕೇಳುಗರು ಅದನ್ನು ಎತ್ತಿಕೊಂಡರು, ಆರ್ ಅಂಡ್ ಬಿ ಪಟ್ಟಿಯಲ್ಲಿ 7ನೇ ಸ್ಥಾನ. ಪಾಪ್ ಪಟ್ಟಿಯಲ್ಲಿ ಮಾತ್ರ 50ಕ್ಕೇ ನಿಂತಿತು. ಹಿಂದಿನ ವರ್ಷ 'ವಾಟ್ಸ್ ಗೋಯಿಂಗ್ ಆನ್' ಅದೇ ಪಟ್ಟಿಯಲ್ಲಿ 2ರವರೆಗೆ ಹೋಗಿತ್ತಲ್ಲ, ಅದರ ಮುಂದೆ ಇದು ಸೋಲು ಅಂತ ಕಂಡಿತು. ಆಲ್ಬಮ್ ಕೈಬಿಟ್ಟರು. ನವೆಂಬರ್‌ನಲ್ಲಿ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದರು.

ಅದೇ ವರ್ಷ ಹಾಡಿದ ಇನ್ನೊಂದಿದೆ, ಕ್ರಿಸ್‌ಮಸ್ ಹಾಡು. ಹಾಡುವವನು ಯುದ್ಧಕೈದಿ. ಹಬ್ಬಕ್ಕೆ ಮನೆಗೆ ಬರಬೇಕು ಅನ್ನುವುದು ಬಿಟ್ಟು ಅವನಿಗೆ ಬೇರೆ ಆಸೆ ಇಲ್ಲ. 1972ರ ಡಿಸೆಂಬರ್‌ನಲ್ಲಿ ಅಮೆರಿಕದ ನೂರಾರು ಕೈದಿಗಳು ಇನ್ನೂ ವಿಯೆಟ್ನಾಂನಲ್ಲೇ ಇದ್ದರು. 1973ರ ವಸಂತದಲ್ಲಿ 591 ಜನ ಮನೆಗೆ ಮರಳಿದರು. ಆ ಹಾಡು ಬೇಕಾಗಿದ್ದದ್ದು ಆ ಒಂದೇ ಒಂದು ಡಿಸೆಂಬರ್‌ಗೆ. ಆಗ ಬರಲಿಲ್ಲ. ಯಾವುದೋ ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಕೊಂಡು ಕೂತಿದ್ದ ಕೈದಿಯ ತಾಯಿಗೆ ಅದು ಕೇಳಿಸಲೇ ಇಲ್ಲ. ತಡವಾಗಿ ಬಂದ ಹಾಡು ನಷ್ಟವನ್ನು ತುಂಬಿಕೊಡುವುದಿಲ್ಲ, ನಿಜ. ಆದರೆ ಏನು ನಷ್ಟವಾಯಿತು ಅಂತ ತಿಳಿಯುವುದಾದರೂ ಹೇಗೆ, ಹಾಡೇ ಬರದಿದ್ದರೆ?

ನನ್ನನ್ನು ಅಲುಗಾಡಿಸಿದ್ದು 'ಪೀಸ್ ಆಫ್ ಕ್ಲೇ'. ಚರ್ಚಿನ ಹಾಡಿನ ಧಾಟಿ. ಮಗನನ್ನು ಹಳಿಯುವುದನ್ನು ನಿಲ್ಲಿಸು ಅಂತ ತಂದೆಗೆ ಹೇಳುವ ಮಾತಿನಿಂದ ಶುರುವಾಗುತ್ತದೆ. ಎಲ್ಲರಿಗೂ ತಮ್ಮ ಕೈಯಲ್ಲಿ ಕಲಸುವುದಕ್ಕೆ ಇನ್ನೊಬ್ಬ ಮನುಷ್ಯ ಬೇಕು, ಮಣ್ಣಿನ ಮುದ್ದೆಯ ಹಾಗೆ. ಅದು ಹಾಡಿನ ನೋವು. ಮಾರ್ವಿನ್ ಅವರ ತಂದೆ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದವರು. ಮಗನನ್ನು ಚಿಕ್ಕಂದಿನಿಂದ ಹೊಡೆದು ಬೆಳೆಸಿದವರು. 1984ರ ಏಪ್ರಿಲ್ 1ರಂದು, 45 ತುಂಬುವ ಹಿಂದಿನ ದಿನ, ಅದೇ ತಂದೆಯ ಗುಂಡಿಗೆ ಮಗ ಬಲಿಯಾದರು. ಆ ಸಾಲಿನಲ್ಲಿ 'ಫಾದರ್' ಅಂತ ಅವರು ಕರೆಯುವ ದನಿಯಲ್ಲಿ ಸಿಟ್ಟಿಲ್ಲ. ಬೇಡಿಕೆ ಇದೆ. ನಾನು ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈ ದನಿಯನ್ನು ಬೀಗ ಹಾಕಿ ಇಡಿ ಅನ್ನುವವರ ಮನಸ್ಸು ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಮಾತಿದೆ, ಅದು ಭಾವನೆಯದಲ್ಲ, ಲೆಕ್ಕದ್ದು. ಟೇಪು ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿಸಿದ ಕಬ್ಬಿಣದ ಪುಡಿ. ಆ ಅಂಟು ವರ್ಷ ಕಳೆದಂತೆ ತೇವ ಹೀರಿ ಜಿಗುಟಾಗುತ್ತದೆ. 1970ರ ದಶಕದ ಹಲವು ಟೇಪುಗಳನ್ನು ಹಾಕಿದರೆ ಯಂತ್ರಕ್ಕೇ ಅಂಟಿಕೊಳ್ಳುತ್ತವೆ, ಪುಡಿ ಉದುರುತ್ತದೆ, ಅದರ ಜೊತೆ ದನಿಯೂ ಉದುರುತ್ತದೆ. ಅಂಥ ಟೇಪನ್ನು ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು, ಒಣಗಿಸಿ, ಒಂದೆರಡು ಸಲ ನುಡಿಸುವಷ್ಟರ ಮಟ್ಟಿಗೆ ಬದುಕಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ಇದಕ್ಕೆಲ್ಲ ಖರ್ಚಿದೆ. ಹೊರಗೆ ಬರದ ಹಾಡಿಗೆ ಯಾವ ಕಂಪನಿ ಆ ಖರ್ಚು ಮಾಡುತ್ತದೆ ಹೇಳಿ? 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದಾಗ ಮೂಲ ಟೇಪುಗಳು ಸುಟ್ಟುಹೋದ ಸಂಗತಿ ಜಗತ್ತಿಗೆ ಸರಿಯಾಗಿ ಗೊತ್ತಾಗಿದ್ದೇ 2019ರಲ್ಲಿ. ಬಿಡುಗಡೆಯಾದ ಹಾಡು ಸಾವಿರ ಮನೆಯಲ್ಲಿ ಇರುತ್ತದೆ. ಬಿಡುಗಡೆಯಾಗದ್ದು ಒಂದೇ ಕೋಣೆಯಲ್ಲಿ ಇರುತ್ತದೆ. ಆ ಕೋಣೆಗೆ ಬೆಂಕಿ ಬಿದ್ದರೆ ಮುಗೀತು.

ಹೋದವರನ್ನು ಕೇಳುವುದಕ್ಕಾಗಲ್ಲ ಅಂತ ನನ್ನ ಗೆಳೆಯ ಬರೆಯುತ್ತಾನೆ, ಗೊತ್ತು. ಸರಿ. ಆದರೆ ಬಾಗಿಲು ಮುಚ್ಚಿ ಇಡುವುದಕ್ಕೂ ಅವರ ಒಪ್ಪಿಗೆ ನಮ್ಮ ಹತ್ತಿರ ಇಲ್ಲವಲ್ಲ. ಎರಡೂ ನಾವೇ ಮಾಡುವ ತೀರ್ಮಾನ. ಹಾಗಿದ್ದ ಮೇಲೆ ನಾನು ಹಾಡು ಉಳಿಯುವ ಕಡೆ ನಿಲ್ಲುತ್ತೇನೆ. ಯಾವಾಗ ಹಾಡಿದ್ದು, ಯಾರು ನುಡಿಸಿದ್ದು, ಯಾಕೆ ನಿಂತಿತು ಅಂತ ಕವರಿನ ಮೇಲೆ ಬರೆಯಿರಿ. ದುಡ್ಡು ಅವರ ಮಕ್ಕಳಿಗೆ ಹೋಗಲಿ. ಆಮೇಲೆ ಕೇಳುವವರು ಕೇಳಲಿ.

ವಿರೋಧ: ಬೆಟ್ಟಿಯನ್ನು ಕೇಳಬಹುದಿತ್ತು, ಮಾರ್ವಿನ್ ಅವರನ್ನಲ್ಲ

ಗೆಳತಿ ಬರೆದದ್ದನ್ನು ಎರಡು ಸಲ ಓದಿದೆ. ಆ ಮೇಜಿನ ಕಥೆಗೆ ನನ್ನ ಹತ್ತಿರ ಉತ್ತರ ಇಲ್ಲ, ಬೇಕಾಗಿಯೂ ಇಲ್ಲ. ಬೆಟ್ಟಿ ಲವೆಟ್ ಬದುಕಿದ್ದರು. ತನ್ನ ಆಲ್ಬಮ್ ಬರಲಿ ಅಂತ 28 ವರ್ಷ ಕಾದರು. ಬಂದಾಗ ವೇದಿಕೆ ಹತ್ತಿ ಹಾಡಿದರು. ಕಿತ್ತುಕೊಂಡದ್ದನ್ನು ಅವರಿಗೆ ಮರಳಿ ಕೊಟ್ಟ ಹಾಗಾಯಿತು. ಅದಕ್ಕೆ ನಾನೂ ಚಪ್ಪಾಳೆ ತಟ್ಟುತ್ತೇನೆ. ನನ್ನ ತಕರಾರು ಇರುವುದು ಕೇಳುವುದಕ್ಕೆ ಆ ಮನುಷ್ಯರೇ ಇಲ್ಲದ ಕಡೆ.

ಮೊದಲು ಸ್ಟುಡಿಯೋದೊಳಗಿನ ಒಂದು ಸಣ್ಣ ಸಂಗತಿ ಹೇಳುತ್ತೇನೆ. ನನಗೆ ಇಡೀ ಚರ್ಚೆ ಅದರಲ್ಲೇ ಇದೆ ಅನ್ನಿಸುತ್ತದೆ.

'ವಾಟ್ಸ್ ಗೋಯಿಂಗ್ ಆನ್' ಹಾಡುವಾಗ ಮಾರ್ವಿನ್ ಮುಖ್ಯ ದನಿಯನ್ನು ಎರಡು ಸಲ ಹಾಡಿದ್ದರು. ಯಾವುದು ಚೆನ್ನಾಗಿದೆ ಅಂತ ನೋಡಿ ಒಂದನ್ನು ಇಟ್ಟುಕೊಳ್ಳೋಣ ಅಂತ. ಎಂಜಿನಿಯರ್ ಕೆನೆತ್ ಸ್ಯಾಂಡ್ಸ್ ಕೇಳಿಸುವುದಕ್ಕೆ ತಯಾರು ಮಾಡುವಾಗ ಎರಡೂ ಒಟ್ಟಿಗೇ ಕೇಳಿಸಿಬಿಟ್ಟಿತು. ಅಚಾತುರ್ಯ. ಒಬ್ಬನೇ ಮನುಷ್ಯ ತನ್ನ ಜೊತೆ ತಾನೇ ಹಾಡಿಕೊಂಡ ಹಾಗೆ ಕೇಳಿಸಿತು. ಮಾರ್ವಿನ್‌ಗೆ ಅದು ಹಿಡಿಸಿತು. ಹಾಗೇ ಇಟ್ಟುಕೊಂಡರು. ಮುಂದೆ ಅವರ ಹಾಡುಗಳ ಗುರುತೇ ಅದಾಯಿತು. ಒಂದರ ಮೇಲೊಂದು ತನ್ನದೇ ದನಿ.

ಟೇಪಿನ ಮೇಲೆ ಇದ್ದದ್ದು ಎರಡು ದನಿ. ಅದನ್ನು ಹಾಡು ಮಾಡಿದ್ದು 'ಇದು ಇರಲಿ' ಅಂದ ಆ ಕ್ಷಣ. 2019ರಲ್ಲಿ ಆ ಮಾತು ಹೇಳಲು ಯಾರಿದ್ದರು?

'ಯು ಆರ್ ದ ಮ್ಯಾನ್' ಆಲ್ಬಮ್‌ನಲ್ಲಿ ಮೂರು ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿದವರು, ಅಂದರೆ ದನಿ-ವಾದ್ಯಗಳನ್ನು ಹದವಾಗಿ ಬೆರೆಸಿದವರು, ಸಂಗೀತ ನಿರ್ಮಾಪಕ ಸಲಾಂ ರೆಮಿ. ದೊಡ್ಡ ಪ್ರತಿಭೆ, ಬ್ರಿಟನ್ನಿನ ಹಾಡುಗಾರ್ತಿ ಏಮಿ ವೈನ್‌ಹೌಸ್ ಜೊತೆ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಅವರು ಹುಟ್ಟಿದ್ದು 1972ರಲ್ಲಿ, ಆ ಹಾಡುಗಳು ಟೇಪಿಗೆ ಇಳಿದ ಅದೇ ವರ್ಷ. ಎಷ್ಟು ಗೌರವದಿಂದ ಮಾಡಿದರೂ ಅದು ಅವರ ಕಿವಿಯ ತೀರ್ಮಾನ. ಕವರಿನ ಮೇಲೆ ದೊಡ್ಡದಾಗಿ ಇರುವ ಹೆಸರು ಮಾತ್ರ ಇನ್ನೊಬ್ಬರದು.

ಇನ್ನು ಇದನ್ನು 'ಕಳೆದುಹೋದ ಆಲ್ಬಮ್' ಅಂತ ಮಾರಿದರಲ್ಲ, ಅದು ನನಗೆ ನೋವು ಮಾಡಿತು. 17 ಹಾಡುಗಳ ಹಿಂದೆ ಹಲವು ನಿರ್ಮಾಪಕರಿದ್ದಾರೆ. ಕೆಲವು ವಿಲ್ಲಿ ಹಚ್ ಅವರವು, ಕೆಲವು ಫ್ರೆಡಿ ಪೆರೆನ್ ಮತ್ತು ಫಾನ್ಸ್ ಮಿಝೆಲ್ ಅವರವು, ಕೆಲವು ಮಾರ್ವಿನ್ ತಾವೇ ಮಾಡಿದ್ದು. ಮೊದಲು ಯಾವುದು, ಕೊನೆಗೆ ಯಾವುದು ಅಂತ ಅವರು ಕೂತು ಜೋಡಿಸಿಟ್ಟ ಪಟ್ಟಿಯ ಪ್ರಕಾರ ಬಂದದ್ದಲ್ಲ ಇದು. ಬಹುಪಾಲು ಹಾಡುಗಳು ಆಗಲೇ ಬೇರೆ ಬೇರೆ ಸಂಗ್ರಹಗಳಲ್ಲಿ ಬಂದಿದ್ದವು. ಗೆಳತಿ ಹೇಳಿದ ಕ್ರಿಸ್‌ಮಸ್ ಹಾಡು 1990ರಲ್ಲೇ ಬಂದಿತ್ತು. ಹೊಸದಾಗಿದ್ದದ್ದು ವಿನೈಲ್ ತಟ್ಟೆ ಮತ್ತು ಕಥೆ. 'ವಾಟ್ಸ್ ಗೋಯಿಂಗ್ ಆನ್' ಹಾಡಿನ ಹೆಸರಲ್ಲೇ ಬಂದ ಆಲ್ಬಮ್ ಎಂಥದ್ದು ಅಂದರೆ ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದಕ್ಕೆ ಹರಿದುಹೋಗುತ್ತದೆ. ಮಧ್ಯೆ ಎದ್ದು ಹೋಗಲಾಗುವುದಿಲ್ಲ. ಅಂಥದ್ದನ್ನು ಕಟ್ಟಿದ ಮನುಷ್ಯನ ಮುಂದಿನ ಆಲ್ಬಮ್ ಇದೇ ಅಂತ 17 ಹಾಡುಗಳನ್ನು ಒಂದು ಗಂಟಿಗೆ ಕಟ್ಟಿ ಕೊಟ್ಟರೆ, ಅವರಿಗೆ ಏನನ್ನಿಸುತ್ತಿತ್ತು?

ಇದು ನನ್ನ ಊಹೆ ಮಾತ್ರ ಅಲ್ಲ. ಹೀಗೆ ಮಾಡಿದಾಗ ಅವರಿಗೆ ಏನನ್ನಿಸಿತು ಅಂತ ನಮಗೆ ಗೊತ್ತಿದೆ.

1980ರಲ್ಲಿ ಮಾರ್ವಿನ್ ಲಂಡನ್‌ನಲ್ಲಿದ್ದರು. ಸಾಲ, ವಿಚ್ಛೇದನ, ಮಾದಕ ವಸ್ತು ಎಲ್ಲ ಒಟ್ಟಿಗೆ ಮೇಲೆ ಬಿದ್ದಿದ್ದ ಕಾಲ. ಒಂದು ಆಲ್ಬಮ್ ಮಾಡುತ್ತಿದ್ದರು, ಇನ್ನೂ ತೃಪ್ತಿ ಆಗಿರಲಿಲ್ಲ. ತಂಡದವರೇ ಒಬ್ಬರ ಕೈಯಿಂದ ಟೇಪುಗಳು ಅಮೆರಿಕಕ್ಕೆ, ಮೋಟೌನ್‌ಗೆ ತಲುಪಿದವು. ಕಂಪನಿ ಅದನ್ನು ತನಗೆ ತೋಚಿದ ಹಾಗೆ ಮಿಕ್ಸ್ ಮಾಡಿತು, ವಾದ್ಯಗಳನ್ನು ಸೇರಿಸಿತು, 1981ರ ಜನವರಿಯಲ್ಲಿ 'ಇನ್ ಅವರ್ ಲೈಫ್‌ಟೈಮ್' ಅಂತ ಮಾರುಕಟ್ಟೆಗೆ ಬಿಟ್ಟಿತು. ಮಾರ್ವಿನ್ ಇಟ್ಟ ಹೆಸರಿನ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ನಮ್ಮ ಜೀವಮಾನದಲ್ಲಿ? ಅಂತ. ಜಗತ್ತು ಉಳಿಯುತ್ತದಾ ಅನ್ನುವ ಭಯದ ಪ್ರಶ್ನೆ. ಆ ಚಿಹ್ನೆಯನ್ನು ಕಿತ್ತುಹಾಕಿದರು. ಮಾರ್ವಿನ್ ಕುದಿದುಹೋದರು. ಇನ್ನು ಮೋಟೌನ್‌ಗೆ ಹಾಡುವುದೇ ಇಲ್ಲ ಅಂದರು, ಹಾಡಲೂ ಇಲ್ಲ. 20 ವರ್ಷದ ಸಂಬಂಧ ಅಲ್ಲಿಗೆ ಮುಗಿಯಿತು. ಬೆಲ್ಜಿಯಂನ ಓಸ್ಟೆಂಡ್ ಅನ್ನುವ ಕಡಲೂರಿಗೆ ಹೋಗಿ, ಚೇತರಿಸಿಕೊಂಡು, 1982ರಲ್ಲಿ ಬೇರೆ ಕಂಪನಿಗೆ ಹಾಡಿದರು. ಅದೇ 'ಸೆಕ್ಷುಯಲ್ ಹೀಲಿಂಗ್'. ಅವರಿಗೆ ಮೊದಲ ಗ್ರ್ಯಾಮಿ ಪ್ರಶಸ್ತಿಗಳು ಬಂದದ್ದು ಅದರಿಂದಲೇ.

ಹಾಗಾಗಿ 'ಅವರ ಮನಸ್ಸಿನಲ್ಲಿ ಏನಿತ್ತೋ ಯಾರಿಗೆ ಗೊತ್ತು' ಅನ್ನುವ ಮಾತು ಬೇರೆ ಯಾರಿಗಾದರೂ ಹೊಂದಬಹುದು. ಮಾರ್ವಿನ್ ಗೇ ವಿಷಯದಲ್ಲಿ ಗೊತ್ತಿದೆ. ತಾನು ಮುಗಿಸದ ಟೇಪನ್ನು ಹೊರಗೆ ಬಿಟ್ಟರೆ ಅವರು ಮನೆ ಬಿಟ್ಟು ಹೋಗುತ್ತಿದ್ದರು. ಹೋದರು. ಆಮೇಲೆ ಅವರು ತೀರಿಕೊಂಡ ಮರುವರ್ಷವೇ, 1985ರಲ್ಲಿ, ಅರ್ಧಂಬರ್ಧ ಇದ್ದ ಟೇಪುಗಳನ್ನು ಬೇರೆಯವರು ಪೂರ್ತಿ ಮಾಡಿ 'ಡ್ರೀಮ್ ಆಫ್ ಎ ಲೈಫ್‌ಟೈಮ್' ಅಂತ ತಂದರು. ಆಗ ಬಿಟ್ಟುಹೋಗಲು ಅವರೇ ಇರಲಿಲ್ಲ.

ಗೆಳತಿ ಹೇಳಿದ ಶುಕ್ರವಾರದ ಮೀಟಿಂಗ್ ನಿಜ. ಕಂಪನಿಗಳು ಒಳ್ಳೆಯ ಹಾಡುಗಳನ್ನು ಕೊಂದಿವೆ, ಅದೂ ನಿಜ. ಆದರೆ 1972ರ ಮಾರ್ವಿನ್ 1967ರ ಮಾರ್ವಿನ್ ಅಲ್ಲ. 'ವಾಟ್ಸ್ ಗೋಯಿಂಗ್ ಆನ್' ಗೆದ್ದ ಮೇಲೆ ಅವರ ಮಾತು ನಡೆಯುತ್ತಿತ್ತು. ಹಿಂದೆ ಒಂದು ಹಾಡಿಗೆ ಪಟ್ಟು ಹಿಡಿದು ಗೆದ್ದವರು ಈ ಸಲ ಪಟ್ಟು ಹಿಡಿಯಲಿಲ್ಲ. ಗಾರ್ಡಿ ಜೊತೆ ರಾಜಕೀಯದ ವಿಷಯಕ್ಕೆ ಜಟಾಪಟಿ ಇದ್ದಿರಬಹುದು, ಸಿಂಗಲ್ ಸೋತ ಬೇಸರವೂ ಇದ್ದಿರಬಹುದು. ಏನೇ ಇರಲಿ, ಅವರು ಎದ್ದು ಬೇರೆ ಕಡೆ ನಡೆದರು. ಆ ಡಿಸೆಂಬರ್‌ನಲ್ಲಿ ಕೊಟ್ಟದ್ದು 'ಟ್ರಬಲ್ ಮ್ಯಾನ್' ಸಿನಿಮಾದ ಸಂಗೀತ, ಅದರಲ್ಲಿ ಹಾಡಿಗಿಂತ ವಾದ್ಯವೇ ಜಾಸ್ತಿ. 1973ರ ಆಗಸ್ಟ್‌ನಲ್ಲಿ ಕೊಟ್ಟದ್ದು 'ಲೆಟ್ಸ್ ಗೆಟ್ ಇಟ್ ಆನ್', ಅಲ್ಲಿ ರಾಜಕೀಯ ಇಲ್ಲವೇ ಇಲ್ಲ. ಈ ಎರಡರ ಹಿಂದೆ ಒಂದು ಮೌನ ಇದೆ. ಜಗತ್ತಿನ ಬಗ್ಗೆ ಅಷ್ಟು ಮಾತಾಡಿದವನು ಇದ್ದಕ್ಕಿದ್ದ ಹಾಗೆ ಸುಮ್ಮನಾದ. ನನಗೆ ಆ ಮೌನವೂ ಅವರು ಹಾಡಿದ್ದರಲ್ಲೇ ಸೇರಿದೆ. 2019ರಲ್ಲಿ ಅದನ್ನು ತುಂಬಿಬಿಟ್ಟರು.

'ಪೀಸ್ ಆಫ್ ಕ್ಲೇ' ಬಗ್ಗೆ ಹೇಳಲೇಬೇಕು. ನಾನೂ ಕೇಳಿದ್ದೇನೆ, ನನಗೂ ಗಂಟಲು ಕಟ್ಟಿತು. ಆದರೆ ಆ ಹಾಡನ್ನು ಬರೆದವರು ಮಾರ್ವಿನ್ ಅಲ್ಲ, ಗ್ಲೋರಿಯಾ ಜೋನ್ಸ್ ಮತ್ತು ಪ್ಯಾಮ್ ಸಾಯರ್. 1972ರಲ್ಲಿ ಆ ಸಾಲು ಹಾಡಿದವರಿಗೆ 1984 ಗೊತ್ತಿರಲಿಲ್ಲ. ಅದು ಗೊತ್ತಿರುವುದು ನಮಗೆ. ಅವರ ಸಾವನ್ನು ನಾವು ಕೊಂಡುಹೋಗಿ ಆ ಹಾಡಿನೊಳಗೆ ಇಟ್ಟು, ಆಮೇಲೆ ಅಲ್ಲೇ ಸಿಕ್ಕಿತು ಅಂತ ಅಳುತ್ತೇವೆ. ಇನ್ನೊಬ್ಬರನ್ನು ನಿಮಗೆ ಬೇಕಾದ ಹಾಗೆ ಕಲಸಬೇಡಿ ಅಂತ ಆ ಹಾಡು ಬೇಡಿಕೊಳ್ಳುತ್ತಿದೆ, ಅಲ್ವಾ?

ಹೊರತರುವುದೆಲ್ಲ ಪ್ರೀತಿಯಿಂದ ಅಂತಲೂ ಅಂದುಕೊಳ್ಳಬೇಡಿ. ಯುರೋಪಿನಲ್ಲಿ 2013ರಿಂದ ಜಾರಿಯಾದ ಒಂದು ಕಾನೂನಿದೆ. ಬಿಡುಗಡೆಯಾದ ಧ್ವನಿಮುದ್ರಣಕ್ಕೆ 70 ವರ್ಷ ರಕ್ಷಣೆ. ರೆಕಾರ್ಡ್ ಮಾಡಿ 50 ವರ್ಷದೊಳಗೆ ಹೊರಗೆ ಬರದಿದ್ದರೆ ಆ ಹಕ್ಕು ಹೋಗುತ್ತದೆ. ಹಾಗಾಗಿ ಕಂಪನಿಗಳು ಕ್ಯಾಲೆಂಡರ್ ನೋಡಿಕೊಂಡು, ವರ್ಷ ಮುಗಿಯುವ ಹೊತ್ತಿಗೆ, 50 ತುಂಬಲಿರುವ ಟೇಪುಗಳನ್ನು ಇಂಟರ್‌ನೆಟ್ಟಿಗೆ ಸುರಿಯತೊಡಗಿದವು. ಮೋಟೌನ್ ಕೂಡ 'ಮೋಟೌನ್ ಅನ್‌ರಿಲೀಸ್ಡ್' ಅಂತ ಒಂದೊಂದು ವರ್ಷದ ಹೆಸರಿನಲ್ಲಿ ನೂರಾರು ಹಾಡುಗಳನ್ನು ಹೀಗೆ ಬಿಟ್ಟಿದೆ. ಅದರಲ್ಲಿ ಮುತ್ತುಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಹಾಡು ಯಾಕೆ ಇವತ್ತು ಬಂತು ಅಂದರೆ ಡಿಸೆಂಬರ್ 31 ಹತ್ತಿರ ಬಂತು ಅನ್ನುವುದೇ ಉತ್ತರವಾದರೆ, ಹಾಡಿದವರ ಜಾಗ ಎಲ್ಲಿ?

ಟೇಪು ಸುಡಿ ಅಂತ ನಾನು ಹೇಳುತ್ತಿಲ್ಲ. ಏಮಿ ವೈನ್‌ಹೌಸ್ 2011ರಲ್ಲಿ ತೀರಿಕೊಂಡ ಮೇಲೆ, ಬ್ರಿಟನ್ನಿನ ಅವರ ಕಂಪನಿಯ ಮುಖ್ಯಸ್ಥ ಡೇವಿಡ್ ಜೋಸೆಫ್ ಉಳಿದಿದ್ದ ಡೆಮೊಗಳನ್ನು, ಅಂದರೆ ಹಾಡುಗಳ ಕಚ್ಚಾ ರೆಕಾರ್ಡಿಂಗ್‌ಗಳನ್ನು, ತಾನೇ ನಾಶ ಮಾಡಿದ್ದಾಗಿ ಹೇಳಿದರು. ಮುಂದೆ ಯಾರೂ ಆಕೆಯ ದನಿಯ ಚೂರು ತೆಗೆದು ಹೊಸ ಹಾಡು ಹೊಲಿಯಬಾರದು ಅಂತ. ಓದಿದಾಗ ಎದೆ ಧಸಕ್ಕೆಂದಿತು. ನನ್ನ ಕೈಯಿಂದ ಆಗುವ ಕೆಲಸ ಅಲ್ಲ ಅದು. ಆದರೆ ಅವರು ಯಾಕೆ ಹಾಗೆ ಮಾಡಿದರು ಅಂತ ಅರ್ಥವಾಗುತ್ತದೆ. ನಾನು ಕೇಳುವುದು ಅದಕ್ಕಿಂತ ಕಡಿಮೆ. ಒಣಗಿಸಿ, ನಕಲು ಮಾಡಿ, ಎರಡು ಮೂರು ಕಡೆ ಜೋಪಾನ ಮಾಡಿ. ಸಂಶೋಧಕರು ಬಂದು ಕೂತು ಕೇಳಿಕೊಂಡು ಹೋಗಲಿ. ದೊಡ್ಡ ಲೈಬ್ರರಿಗಳಲ್ಲಿ ಲೇಖಕರ ಕರಡುಗಳು ಇರುವುದಿಲ್ವಾ, ಹಾಗೆ. ಕರಡನ್ನು ಕರಡು ಅಂತಲೇ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಹೊಸ ಅಧ್ಯಾಯ ಸೇರಿಸಿ, ರಟ್ಟು ಹಾಕಿ, ಹುಟ್ಟುಹಬ್ಬದ ವಾರ ನೋಡಿ ಮಾರುವುದಿಲ್ಲ.

ಕೊನೆಗೆ ಸೋಲ್ ಸಂಗೀತದ ಇನ್ನೊಬ್ಬ ದೊಡ್ಡ ಹಾಡುಗಾರ್ತಿ ಅರೀಥಾ ಫ್ರಾಂಕ್ಲಿನ್. 1972ರ ಜನವರಿ 13 ಮತ್ತು 14ರ ರಾತ್ರಿ ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆಯ ಒಂದು ಚರ್ಚಿನಲ್ಲಿ ಅವರು ಹಾಡಿದರು. ಆಲ್ಬಮ್ ಆ ವರ್ಷವೇ ಬಂತು, 20 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು. ಅದೇ ಎರಡು ರಾತ್ರಿಯನ್ನು ನಿರ್ದೇಶಕ ಸಿಡ್ನಿ ಪೊಲಾಕ್ ಸಿನಿಮಾ ಕ್ಯಾಮೆರಾಗಳಲ್ಲೂ ಹಿಡಿದಿದ್ದರು. ಆದರೆ ಶಾಟ್ ಶುರುವಾಗುವಾಗ ಹೊಡೆಯುವ ಕ್ಲ್ಯಾಪ್ ಬೋರ್ಡ್ ಹೊಡೆದಿರಲಿಲ್ಲ, ಹಾಗಾಗಿ ದನಿಗೂ ತುಟಿಗೂ ತಾಳೆಯಾಗಲಿಲ್ಲ. ಚಿತ್ರ ಮೂಲೆ ಸೇರಿತು. ಹಲವು ದಶಕಗಳ ನಂತರ ಕಂಪ್ಯೂಟರ್ ಹಿಡಿದು ತಾಳೆ ಮಾಡಿದರು. ಆಗ ಅರೀಥಾ ಕೋರ್ಟಿಗೆ ಹೋದರು. ಒಂದು ಸಲ ಅಲ್ಲ. 2015ರಲ್ಲಿ ಒಂದು ಚಿತ್ರೋತ್ಸವದಲ್ಲಿ ತೋರಿಸಲು ಹೊರಟಾಗ ಮತ್ತೆ ಹೋಗಿ ತಡೆ ತಂದರು. ಯಾಕೆ ಬೇಡ ಅಂತ ಅವರು ನಮಗೆ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ. ಆ ದನಿ, ಆ ಮುಖ, ಕೆನ್ನೆಯಿಂದ ಇಳಿಯುವ ಆ ಬೆವರು ಅವರದ್ದು.

ಆ ಚಿತ್ರವನ್ನು ನಾನು ನೋಡಿದ್ದೇನೆ. ಅದರಷ್ಟು ಚೆಂದದ್ದನ್ನು ಪರದೆಯ ಮೇಲೆ ನೋಡಿದ ನೆನಪಿಲ್ಲ. ಅವರ ತಂದೆ ಎದ್ದು ಬಂದು, ಹಾಡುತ್ತಿರುವ ಮಗಳ ಮುಖದ ಬೆವರನ್ನು ಕರವಸ್ತ್ರದಿಂದ ಒರೆಸುವ ಒಂದು ಘಳಿಗೆ ಇದೆ. ನೋಡುತ್ತಾ ಅತ್ತೆ. ಅಳುತ್ತಲೇ, ಇದನ್ನು ನಾನು ನೋಡಬಾರದಿತ್ತು ಅಂತ ಅನ್ನಿಸುತ್ತಿತ್ತು.

ಅರೀಥಾ ತೀರಿಕೊಂಡದ್ದು 2018ರ ಆಗಸ್ಟ್ 16ರಂದು. ಕುಟುಂಬ ಒಪ್ಪಿತು. ಚಿತ್ರ ನ್ಯೂಯಾರ್ಕಿನಲ್ಲಿ ತೆರೆಕಂಡದ್ದು ನವೆಂಬರ್ 12ರಂದು. ಅವರು ಕೋರ್ಟಿನ ಮೆಟ್ಟಿಲು ಹತ್ತಿ ಹೇಳಿದ್ದ 'ಬೇಡ', ಅವರು ಹೋದಮೇಲೆ ಮೂರು ತಿಂಗಳೂ ಉಳಿಯಲಿಲ್ಲ.